ಫೆರಾಂಟಿ ಎಫೆಕ್ಟ್ ಎಲ್ಲರಿಗೂ ಗೊತ್ತು. ಆ ಫೆರಾಂಟಿ ಕಂಪನಿಗೆ ಏನಾಯಿತು?

ಪವರ್_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪವರ್ ಸಿಸ್ಟಮ್ಸ್ ಪಾಠ ಮಾಡುತ್ತೇನೆ. ಹೋದ ವಾರ ಫೆರಾಂಟಿ ಎಫೆಕ್ಟ್ ಹೇಳಿಕೊಡುತ್ತಿದ್ದೆ. ಉದ್ದದ ಲೈನಿಗೆ ಲೋಡ್ ಇಲ್ಲದಿದ್ದಾಗ, ಕಳಿಸುವ ತುದಿಗಿಂತ ತಲುಪುವ ತುದಿಯಲ್ಲೇ ವೋಲ್ಟೇಜ್ ಜಾಸ್ತಿ ಇರುತ್ತದೆ ಅನ್ನುವ ಪಾಠ. ಫೇಸರ್ ಚಿತ್ರ, ಅಂದರೆ ವೋಲ್ಟೇಜು ಕರೆಂಟುಗಳನ್ನು ಬಾಣಗಳಲ್ಲಿ ತೋರಿಸುವ ಚಿತ್ರ, ಬರೆದು ತಿರುಗಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಸರ್, ಫೆರಾಂಟಿ ಅಂದರೆ ಯಾರು?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಒಂದು ವಾರ ಕೂತು ಓದಿದೆ. ಓದಿದಷ್ಟೂ ಮನಸ್ಸು ಅಲ್ಲೇ ನಿಂತುಬಿಟ್ಟಿದೆ.

ಸೆಬಾಸ್ಟಿಯನ್ ಜಿಯಾನಿ ಡಿ ಫೆರಾಂಟಿ ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹೆಸರು ಇಟಲಿಯ ಮೂಲದ್ದು. ತಂದೆ ಫೋಟೋಗ್ರಾಫರ್, ತಾಯಿ ಪಿಯಾನೊ ಕಲಾವಿದೆ. 1882ರಲ್ಲಿ, ಅಂದರೆ ನಮ್ಮ ಮೊದಲ ವರ್ಷದ ಹುಡುಗರ ವಯಸ್ಸಿನಲ್ಲಿ, ಒಬ್ಬ ವಕೀಲರ ದುಡ್ಡಿನ ಬೆಂಬಲದಿಂದ ಕಂಪನಿ ಶುರುಮಾಡಿದ. 1887ರಲ್ಲಿ ಲಂಡನ್ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ ಅವನ ಕೈಗೆ ಒಂದು ಕೆಲಸ ಕೊಟ್ಟಿತು. ಊರಿನ ಹೊರಗೆ, ಥೇಮ್ಸ್ ನದಿ ದಂಡೆಯ ಡೆಪ್ಟ್‌ಫೋರ್ಡ್‌ನಲ್ಲಿ ದೊಡ್ಡ ವಿದ್ಯುತ್ ಕೇಂದ್ರ ಕಟ್ಟಬೇಕು. ಅಲ್ಲಿ ಕಲ್ಲಿದ್ದಲು ದೋಣಿಯಲ್ಲೇ ಬರುತ್ತದೆ, ನೀರಿಗೂ ಬರ ಇಲ್ಲ. ಆದರೆ ಕರೆಂಟು ಸುಮಾರು 11 ಕಿಲೋಮೀಟರ್ ದೂರದ ಲಂಡನ್ ನಡುವಿಗೆ ಹೋಗಬೇಕು. ಅಲ್ಲಿವರೆಗೆ ಅವನು ನೋಡಿಕೊಳ್ಳುತ್ತಿದ್ದ ಗ್ರಾವನರ್ ಗ್ಯಾಲರಿ ಕೇಂದ್ರದಲ್ಲಿ ಇದ್ದದ್ದು 2,400 ವೋಲ್ಟ್. ಡೆಪ್ಟ್‌ಫೋರ್ಡಿಗೆ ಅವನು ಆರಿಸಿಕೊಂಡದ್ದು 10,000 ವೋಲ್ಟ್. ಆಗ ಅವನಿಗೆ 23 ವರ್ಷ.

ಆ ಕೇಬಲ್ಲಿನಲ್ಲೇ ಆ ತುದಿಯ ವೋಲ್ಟೇಜ್ ಈ ತುದಿಗಿಂತ ಜಾಸ್ತಿ ಕಂಡದ್ದು. ಪಾಠಕ್ಕೆ ಹೆಸರು ಬಂದದ್ದು ಹಾಗೆ.

ನನ್ನನ್ನು ಕಾಡಿದ್ದು ಅದಲ್ಲ. ಅವನ ಕಂಪನಿ ಮುಂದೆ ಮೀಟರ್, ಟ್ರಾನ್ಸ್‌ಫಾರ್ಮರ್, ರೇಡಿಯೊ, ಕಂಪ್ಯೂಟರ್, ಚಿಪ್, ರೇಡಾರ್ ಎಲ್ಲ ಮಾಡಿತು. ನೂರು ವರ್ಷ ದಾಟಿತು. 1993ರಲ್ಲಿ ಮುಳುಗಿತು. ಇಷ್ಟು ಗೊತ್ತಿದ್ದವರು ಹೇಗೆ ಮುಳುಗಿದರು? ಇಲ್ಲಿ ಬೇರೆ ಬೇರೆ ಕಸುಬಿನವರು ಇದ್ದೀರಿ. ನಿಮಗೆ ಗೊತ್ತಿರುವ ತುಂಡನ್ನು ಬರೆಯಿರಿ, ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕು.

ರಾತ್ರಿಪಾಳಿ:

ಮೇಷ್ಟ್ರೇ, ನಾನು ಸಬ್‌ಸ್ಟೇಷನ್ ಆಪರೇಟರ್. ಫೆರಾಂಟಿ ನಮಗೆ ಪುಸ್ತಕದ ಹೆಸರಲ್ಲ, ರಾತ್ರಿ ಎರಡು ಗಂಟೆಯ ಹೆಸರು. ಮಳೆ ಹಿಡಿದು ಪಂಪ್‌ಸೆಟ್ ಲೋಡ್ ಪೂರ್ತಿ ಬಿದ್ದುಹೋದ ರಾತ್ರಿ 400 ಕೆವಿ ಲೈನು ಏರುತ್ತಾ ಹೋಗುತ್ತದೆ. 410, 415. 420 ದಾಟಬಾರದು. ವೋಲ್ಟೇಜ್ ಇಳಿಸುವ ರಿಯಾಕ್ಟರ್ ಸುರುಳಿ ಹಾಕುತ್ತೇವೆ, ಆಗಲೂ ಇಳಿಯದಿದ್ದರೆ ಇಡೀ ಗ್ರಿಡ್ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್‌ನವರನ್ನು ಕೇಳಿ ಒಂದು ಲೈನನ್ನೇ ತೆಗೆಯುತ್ತೇವೆ. ಹೊರಗೆ ಯಾರ್ಡಿನಲ್ಲಿ ಕೊರೋನಾ ಸದ್ದು ಬೇರೆ (ತಂತಿಯಿಂದ ಗಾಳಿಗೆ ಕರೆಂಟು ಸೋರುವ ಸದ್ದು), ಮಳೆಯಲ್ಲಿ ಜೋರಾಗಿ ಕೇಳುತ್ತೆ. ಹೊಸ ಹುಡುಗರಿಗೆ ನಾನು "ಫೆರಾಂಟಿ ಬಂದ" ಅಂತಲೇ ಹೇಳುವುದು.

ನನ್ನ ಪ್ರಶ್ನೆ ಬೇರೆ. ಆ ಕಾಲದಲ್ಲಿ ಈಗ ಕೇಬಲ್ಲಿಗೆ ಹೊದಿಸುವ ಪ್ಲಾಸ್ಟಿಕ್ಕುಗಳಾದ ಎಕ್ಸ್‌ಎಲ್‌ಪಿಇ, ಪಿವಿಸಿ ಯಾವುದೂ ಇರಲಿಲ್ಲ. 10 ಕೆವಿ ಕೇಬಲ್ಲಿಗೆ ಇನ್ಸುಲೇಷನ್ ಯಾವುದು?

ಪವರ್_ಮೇಷ್ಟ್ರು:

ಕಾಗದ!

ಬೇರೆ ಕಂಪನಿಯಿಂದ ಕೊಂಡ ಕೇಬಲ್ಲು ಪದೇಪದೇ ಸುಟ್ಟುಹೋಗುತ್ತಿತ್ತು. ಕೊನೆಗೆ ತಾನೇ ಮಾಡಿಸಿದ. ಒಳಗೆ ತಾಮ್ರದ ಕೊಳವೆ. ಅದರ ಮೇಲೆ ಕರಿ ಮೇಣದಲ್ಲಿ ನೆನೆಸಿದ ಕಂದು ಕಾಗದ, ಸುತ್ತಿನ ಮೇಲೆ ಸುತ್ತು. ಅದರ ಮೇಲೆ ಇನ್ನೊಂದು ತಾಮ್ರದ ಕೊಳವೆ ತೂರಿಸಿ ಬಿಗಿ ಮಾಡುವುದು. ಮತ್ತೆ ಕಾಗದ. ಎಲ್ಲಕ್ಕಿಂತ ಹೊರಗೆ ಕಬ್ಬಿಣದ ಕೊಳವೆ. ಒಂದೊಂದು ತುಂಡು 20 ಅಡಿ. ಕೊಳವೆ ಬಗ್ಗುವುದಿಲ್ಲವಲ್ಲ, ಹಾಗಾಗಿ ತುಂಡು ತುಂಡೇ ಜೋಡಿಸಬೇಕು. ಒಂದು ತುಂಡಿನ ತುದಿಯನ್ನು ಪೆನ್ಸಿಲ್ ಚೂಪು ಮಾಡಿದ ಹಾಗೆ ತಿರುವುತ್ತಿದ್ದರು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಒಳಗೆ ಕೊರೆಯುತ್ತಿದ್ದರು. ಬಿಸಿ ಮಾಡಿ ಒಂದರೊಳಗೆ ಒಂದನ್ನು ಒತ್ತುತ್ತಿದ್ದರು. ನಾನು ಲೆಕ್ಕ ಹಾಕಿದೆ. 11 ಕಿಲೋಮೀಟರಿನ ಒಂದೇ ಸಾಲಿಗೆ 1,800 ಜೋಡಣೆಯಾದರೂ ಬೇಕು. ಒಂದು ಕೆಟ್ಟರೂ ಇಡೀ ಸಾಲು ಕೆಟ್ಟ ಹಾಗೆ. ಇದನ್ನು ರೈಲು ಹಳಿ ಪಕ್ಕದಲ್ಲೇ ಹಾಕಿಕೊಂಡು ಹೋದರು, ರಸ್ತೆ ಅಗೆಯಲು ಅನುಮತಿ ಬೇಡುವ ತಾಪತ್ರಯ ತಪ್ಪಿತು.

ಅಧಿಕಾರಿಗಳು 10,000 ವೋಲ್ಟ್ ಅಂದರೆ ಹೆದರಿದರು. ಆಗ ಏನು ಮಾಡಿದರು ಗೊತ್ತಾ? ಕರೆಂಟು ಹರಿಯುತ್ತಿರುವ ಕೇಬಲ್ಲಿನ ಮೇಲೆ ಸಹಾಯಕನೊಬ್ಬ ಬರಿಗೈಯಲ್ಲಿ ಉಳಿ ಹಿಡಿದು ನಿಂತ. ಇನ್ನೊಬ್ಬ ಸುತ್ತಿಗೆಯಿಂದ ಹೊಡೆದ. ಉಳಿ ಒಳಗೆ ಹೋಯಿತು, ಫ್ಯೂಸ್ ಹೋಯಿತು, ಉಳಿ ಹಿಡಿದವನಿಗೆ ಏನೂ ಆಗಲಿಲ್ಲ. ಹೊರಗಿನ ಕೊಳವೆ ಭೂಮಿಗೆ ಸೇರಿತ್ತು, ಅಷ್ಟೇ ಕಾರಣ. ಆದರೂ ಆ ಉಳಿ ಹಿಡಿದ ಕೈಯನ್ನು ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ತಾವು ಮಾಡಿದ್ದರ ಮೇಲೆ ಅಷ್ಟು ನಂಬಿಕೆ.

ಆ ಕಾಗದದ ಕೇಬಲ್ಲಿನ ಕೆಲವು ಭಾಗಗಳು 1933ರವರೆಗೂ ಕೆಲಸ ಮಾಡಿದವು.

ಮ್ಯಾಂಚೆಸ್ಟರ್_ಮಲೆನಾಡು:

ಒಳ್ಳೆ ಚರ್ಚೆ. ನಾನು ತೀರ್ಥಹಳ್ಳಿ ಕಡೆಯವನು, ಈಗ ಇರುವುದು ಮ್ಯಾಂಚೆಸ್ಟರ್‌ನಲ್ಲಿ. ಮುಂದಿನ ತುಂಡು ನಮ್ಮ ಊರಿನ ಪಕ್ಕದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಡೆಪ್ಟ್‌ಫೋರ್ಡ್ ತಾಂತ್ರಿಕವಾಗಿ ಗೆದ್ದರೂ ವ್ಯಾಪಾರವಾಗಿ ಸೋತಿತು. ಸರ್ಕಾರ ಅವರಿಗೆ ಕೊಟ್ಟ ಪ್ರದೇಶ ಕಡಿಮೆ. 1890ರ ನವೆಂಬರಿನಲ್ಲಿ ಗ್ರಾವನರ್ ಕೇಂದ್ರಕ್ಕೆ ಬೆಂಕಿ ಬಿತ್ತು, ಗಿರಾಕಿಗಳು ಹೋದರು. 1891ರಲ್ಲಿ ಫೆರಾಂಟಿ ಅಲ್ಲಿಂದ ಹೊರಬಿದ್ದ. ಸ್ವಂತ ಕಾರ್ಖಾನೆಯನ್ನು ಆಮೇಲೆ ಓಲ್ಡಮ್ ಹತ್ತಿರದ ಹಾಲಿನ್‌ವುಡ್‌ಗೆ ತಂದ. ಹತ್ತಿ ಗಿರಣಿಗಳ ಊರು ಅದು. ಈಗ ನಮ್ಮ ಟ್ರಾಮ್ ಅಲ್ಲಿ ನಿಲ್ಲುತ್ತದೆ. ಇಳಿದು ನೋಡಿದರೆ ರಿಂಗ್ ರೋಡ್, ಗೋಡೌನು, ಅಂಗಡಿ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಒಂದಿದೆ. ಕಂಪನಿ 1993ರಲ್ಲಿ ಮೊದಲ ಸಲ ಮುಳುಗಿದ್ದಲ್ಲ. 1903ರಲ್ಲೇ ಸಾಲ ತೀರಿಸಲಾಗದೆ ರಿಸೀವರ್ ಕೈಗೆ, ಅಂದರೆ ಸಾಲ ವಸೂಲಿಗೆ ಕಂಪನಿಯನ್ನು ವಶಕ್ಕೆ ತೆಗೆದುಕೊಳ್ಳುವವರ ಕೈಗೆ, ಹೋಗಿತ್ತು. 1905ರಲ್ಲಿ ಫೆರಾಂಟಿ ಲಿಮಿಟೆಡ್ ಅಂತ ಮತ್ತೆ ಎದ್ದಾಗ ಹೆಸರು ಮಾತ್ರ ಅವನದು, ಹಿಡಿತ ಸಾಲ ಕೊಟ್ಟವರದು. ದೊಡ್ಡ ದೊಡ್ಡ ಎಂಜಿನ್ ಕೆಲಸ ಬಿಡಿಸಿದರು. ಮನೆಮನೆಯ ವಿದ್ಯುತ್ ಮೀಟರೇ ಅನ್ನ ಹಾಕಿತು, ಜೊತೆಗೆ ಟ್ರಾನ್ಸ್‌ಫಾರ್ಮರ್.

1930ರಲ್ಲಿ ಸೆಬಾಸ್ಟಿಯನ್ ತೀರಿಕೊಂಡ. ಮಗ ವಿನ್ಸೆಂಟ್ ಬಂದ. ಎರಡನೇ ಮಹಾಯುದ್ಧ ಇವರನ್ನು ಪೂರ್ತಿ ಎಲೆಕ್ಟ್ರಾನಿಕ್ಸ್ ಕಡೆಗೆ ತಿರುಗಿಸಿತು. 1943ರಲ್ಲಿ ಎಡಿನ್‌ಬರೋದ ಕ್ರೂ ಟೋಲ್‌ನಲ್ಲಿ ಕಾರ್ಖಾನೆ ತೆರೆದರು. ಸ್ಪಿಟ್‌ಫೈರ್ ಥರದ ವಿಮಾನಗಳಿಗೆ ಗೈರೊ ಗನ್‌ಸೈಟ್ ಮಾಡುವುದಕ್ಕೆ. ಮುಂದೆ ಓಡುತ್ತಿರುವ ಶತ್ರು ವಿಮಾನಕ್ಕಿಂತ ಎಷ್ಟು ಮುಂದಕ್ಕೆ ಗುರಿ ಇಡಬೇಕು ಅಂತ ಅದೇ ಲೆಕ್ಕ ಹಾಕಿ ತೋರಿಸುತ್ತಿತ್ತು.

ಫುಟ್‌ಬಾಲ್ ಪ್ರಿಯರಿಗೆ ಒಂದು ಮಾತು. ಆ ಎಡಿನ್‌ಬರೋ ಕಾರ್ಖಾನೆಯ ನೌಕರರು ಕಟ್ಟಿದ ತಂಡ ಫೆರಾಂಟಿ ಥಿಸಲ್. 1974ರಲ್ಲಿ ಸ್ಕಾಟಿಷ್ ಲೀಗ್‌ಗೆ ಸೇರುವಾಗ ಕಂಪನಿ ಹೆಸರು ಇಟ್ಟುಕೊಳ್ಳಬಾರದು ಅಂದರು, ಮೆಡೋಬ್ಯಾಂಕ್ ಥಿಸಲ್ ಆಯಿತು. ಇವತ್ತಿನ ಲಿವಿಂಗ್‌ಸ್ಟನ್ ತಂಡ ಅದೇ.

ಹಳೇ_ಪ್ರೋಗ್ರಾಮರ್:

ಕಂಪ್ಯೂಟರ್ ತುಂಡು ನನಗೆ ಬಿಡಿ. ನಾನು ಪಂಚ್ ಕಾರ್ಡ್ ಕಾಲದಲ್ಲಿ ಕೆಲಸಕ್ಕೆ ಸೇರಿದ ಹೆಂಗಸು, ಈ ಕಥೆ ನನಗೆ ಬಹಳ ಹತ್ತಿರದ್ದು.

1948ರ ಜೂನ್ 21ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಬೇಬಿ ಅನ್ನುವ ಪುಟ್ಟ ಯಂತ್ರ ಓಡಿತು. ತನ್ನದೇ ನೆನಪಿನಲ್ಲಿ ಪ್ರೋಗ್ರಾಮ್ ಇಟ್ಟುಕೊಂಡು ಓಡಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್. ಫ್ರೆಡ್ಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಕಟ್ಟಿದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಸರ್ಕಾರ ಫೆರಾಂಟಿಗೆ ಪತ್ರ ಬರೆಯಿತು. ಕೆಲವೇ ಸಾಲು. ವಿಲಿಯಮ್ಸ್ ಹೇಳಿದ ಹಾಗೆ ಒಂದು ಯಂತ್ರ ಮಾಡಿಕೊಡಿ ಅನ್ನುವುದು ಅದರ ತಾತ್ಪರ್ಯ. ಟೆಂಡರ್ ಇಲ್ಲ, ನೂರು ಪುಟದ ವಿವರ ಇಲ್ಲ.

1951ರ ಫೆಬ್ರವರಿಯಲ್ಲಿ ಫೆರಾಂಟಿ ಮಾರ್ಕ್ 1 ವಿಶ್ವವಿದ್ಯಾಲಯಕ್ಕೆ ಬಂದು ಇಳಿಯಿತು. ದುಡ್ಡು ಕೊಟ್ಟರೆ ಸಿಗುವ ಮೊದಲ ಸಾಮಾನ್ಯ ಬಳಕೆಯ ಕಂಪ್ಯೂಟರ್ ಅಂತ ಇದನ್ನೇ ಹೇಳುತ್ತಾರೆ. ಅಮೆರಿಕದ ಯೂನಿವ್ಯಾಕ್ ಗಿರಾಕಿಯ ಕೈ ಸೇರಿದ್ದು ಅದಾದ ಮೇಲೆ, ಕೆಲವೇ ವಾರಗಳ ಅಂತರ. ಮಾರ್ಕ್ 1ಗೆ ಪ್ರೋಗ್ರಾಮ್ ಬರೆಯುವ ಕೈಪಿಡಿ ಬರೆದದ್ದು ಅಲನ್ ಟ್ಯೂರಿಂಗ್. ಎರಡನೇ ಯಂತ್ರ ಕೆನಡಾದ ಟೊರಾಂಟೊಗೆ ಹೋಯಿತು.

ಈ ಯಂತ್ರಕ್ಕೆ ಪ್ರೋಗ್ರಾಮ್ ಬರೆದವರಲ್ಲಿ ಮೇರಿ ಲೀ ವುಡ್ಸ್ ಒಬ್ಬರು. ಗಣಿತ ಓದಿದವರು, 1951ರಲ್ಲಿ ಫೆರಾಂಟಿ ಸೇರಿದರು. ಅದೇ ಕೆಲಸಕ್ಕೆ ಗಂಡಸರಿಗೆ ಜಾಸ್ತಿ ಸಂಬಳ ಅಂತ ಗೊತ್ತಾದಾಗ ಸುಮ್ಮನಿರಲಿಲ್ಲ. ಹೆಂಗಸು ಪ್ರೋಗ್ರಾಮರುಗಳಿಗೂ ಸಮ ಸಂಬಳ ಕೊಡಿ ಅಂತ ಕಂಪನಿಯ ಮುಂದೆ ವಾದಿಸಿ ಗೆದ್ದರು. 1950ರ ದಶಕದಲ್ಲಿ! ನಾನು ಕೆಲಸಕ್ಕೆ ಸೇರಿದಾಗಲೂ ಆ ಮಾತು ಎತ್ತಲು ನಮಗೆ ಧೈರ್ಯ ಇರಲಿಲ್ಲ. ಅದೇ ಕಂಪನಿಯ ಕಾನ್‌ವೇ ಬರ್ನರ್ಸ್-ಲೀ ಅವರನ್ನು ಮದುವೆಯಾದರು. ಅವರ ಮಗನೇ ಟಿಮ್ ಬರ್ನರ್ಸ್-ಲೀ. ಈಗ ನಾವು ಇಲ್ಲಿ ಬರೆದದ್ದನ್ನು ನೀವು ಎಲ್ಲೋ ಕೂತು ಓದುತ್ತಿದ್ದೀರಲ್ಲ, ಆ ವೆಬ್ ಕಟ್ಟಿದವರು.

ಮುಂದೆ ಪೆಗಸಸ್, ಮರ್ಕ್ಯುರಿ ಬಂದವು. 1962ರ ಡಿಸೆಂಬರಿನಲ್ಲಿ ಅಟ್ಲಾಸ್. ವರ್ಚುವಲ್ ಮೆಮೊರಿ ಮೊದಲು ಕೆಲಸ ಮಾಡಿದ್ದು ಅದರಲ್ಲಿ. ಚಿಕ್ಕ ವೇಗದ ನೆನಪು, ದೊಡ್ಡ ನಿಧಾನದ ಡ್ರಮ್, ಎರಡನ್ನೂ ಸೇರಿಸಿ ಪ್ರೋಗ್ರಾಮರಿಗೆ ಒಂದೇ ದೊಡ್ಡ ನೆನಪು ಅನ್ನಿಸುವ ಹಾಗೆ ಮಾಡಿದರು. ನಿಮ್ಮ ಜೇಬಿನ ಫೋನಿನಲ್ಲೂ ಅದೇ ಉಪಾಯ.

ಮರುವರ್ಷವೇ, 1963ರಲ್ಲಿ, ಆ ವಿಭಾಗವನ್ನು ಐಸಿಟಿ ಅನ್ನುವ ಕಂಪನಿಗೆ ಮಾರಿಬಿಟ್ಟರು. ಫೆರಾಂಟಿಯ ಕೆನಡಾ ಶಾಖೆ ಮಾಡಿದ್ದ ಎಫ್‌ಪಿ 6000 ಅನ್ನುವ ವಿನ್ಯಾಸವೂ ಜೊತೆಗೆ ಹೋಯಿತು. ಐಸಿಟಿಯ ಹೆಸರಾಂತ 1900 ಸರಣಿ ಹುಟ್ಟಿದ್ದು ಅದರಿಂದ. ನನ್ನ ಪ್ರಕಾರ ಕಂಪನಿ ಸಾಯಲು ಶುರುವಾದದ್ದು ಆ ವರ್ಷ. ಹಸು ಕರು ಹಾಕಿದ ಮರುದಿನ ಸಂತೆಗೆ ಹೊಡೆದ ಹಾಗೆ.

ಲೆಕ್ಕಪತ್ರ:

ಅಮ್ಮಾ, ಗೌರವದಿಂದಲೇ ಒಪ್ಪುವುದಿಲ್ಲ. ನಾನು ಆಡಿಟ್ ಕೆಲಸದವನು. ಅಟ್ಲಾಸ್ 1 ಯಂತ್ರ ಕೂತದ್ದು ಮೂರೇ ಕಡೆ. ಮ್ಯಾಂಚೆಸ್ಟರ್, ಲಂಡನ್ ವಿಶ್ವವಿದ್ಯಾಲಯ, ಚಿಲ್ಟನ್. ಮೂರು ಮಾರಿ ಆ ಖರ್ಚು ಹೊರುವುದು ಹೇಗೆ? ಎದುರಿಗೆ ಐಬಿಎಂ. ಯಂತ್ರವನ್ನು ಬಾಡಿಗೆಗೆ ಕೊಟ್ಟು ವರ್ಷಗಟ್ಟಲೆ ಕಾಯುವಷ್ಟು ಬಂಡವಾಳ ಅವರಿಗಿತ್ತು. ಫೆರಾಂಟಿ ಒಂದು ಮನೆತನದ ಕಂಪನಿ. ಇಟ್ಟುಕೊಂಡಿದ್ದರೆ 1963ರಲ್ಲೇ ಮುಳುಗುತ್ತಿತ್ತು. ಕಾರ್ಖಾನೆಗಳನ್ನು ನಡೆಸುವ ಆರ್ಗಸ್ ಕಂಪ್ಯೂಟರನ್ನು ಅವರು ಮಾರಲಿಲ್ಲ, ನೆನಪಿರಲಿ. ರಾಸಾಯನಿಕ ಕಾರ್ಖಾನೆಯ ವಾಲ್ವುಗಳನ್ನು ಕಂಪ್ಯೂಟರೇ ನೇರವಾಗಿ ತಿರುಗಿಸುವ ಕೆಲಸ 1962ರಲ್ಲೇ ಅದರಿಂದ ಆಗಿತ್ತು. ಸಾವಿನ ಕಾರಣ ಬೇರೆ. ಆಮೇಲೆ ಬರೆಯುತ್ತೇನೆ, ಸ್ವಲ್ಪ ಸಮಯ ಬೇಕು.

ಹಳೇ_ಪ್ರೋಗ್ರಾಮರ್:

ಬರೆಯಿರಿ. ಆದರೆ ಅಟ್ಲಾಸ್ ಬಗ್ಗೆ ನನ್ನ ಹೊಟ್ಟೆಯುರಿ ಹೋಗುವುದಿಲ್ಲ.

ಎಸ್‌ಪಿ_ರೋಡ್_ಅಣ್ಣ:

ನನಗೆ ಫೆರಾಂಟಿ ಅಂದರೆ ಮೂರು ಕಾಲಿನ ಒಂದು ಚಿಕ್ಕ ಲೋಹದ ಡಬ್ಬಿ. ಝಡ್‌ಎನ್ 414.

ನೋಡಲು ಟ್ರಾನ್ಸಿಸ್ಟರ್ ಥರ. ಒಳಗೆ ಇಡೀ ಎಎಂ ರೇಡಿಯೊ. 1972ರಲ್ಲಿ ಬಂತು. ನನ್ನ ಕೈಗೆ ಸಿಕ್ಕಿದ್ದು ಹತ್ತು ವರ್ಷ ತಡವಾಗಿ, ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ. ಅಂಗಡಿಯವರು ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಕೊಟ್ಟರು. ಮನೆಗೆ ಬಂದು ಫೆರೈಟ್ ರಾಡಿಗೆ ಎನಾಮೆಲ್ ತಂತಿ ಸುತ್ತಿದೆ. ಒಂದು ಗ್ಯಾಂಗ್ ಕಂಡೆನ್ಸರ್, ಎರಡು ರೆಸಿಸ್ಟರ್, ಎರಡು ಚಿಕ್ಕ ಕೆಪಾಸಿಟರ್, ಒಂದೂವರೆ ವೋಲ್ಟಿನ ಒಂದೇ ಸೆಲ್ಲು. ಕಿವಿಗೆ ಕ್ರಿಸ್ಟಲ್ ಇಯರ್‌ಫೋನ್. ಕಂಡೆನ್ಸರ್ ನಿಧಾನಕ್ಕೆ ತಿರುಗಿಸಿದಾಗ 612ರಲ್ಲಿ ಬೆಂಗಳೂರು ಆಕಾಶವಾಣಿ ಗುಂಯ್ ಅಂತ ಎದ್ದು ಬಂತು. ಪ್ರದೇಶ ಸಮಾಚಾರ. ಅಮ್ಮನ ಕಿವಿಗೆ ಇಟ್ಟೆ. ಅವರು ಸೆಲ್ಲು ಎಲ್ಲಿ, ರೇಡಿಯೊ ಎಲ್ಲಿ ಅಂತ ಹುಡುಕಿದರು. ನಾನು ಎಲೆಕ್ಟ್ರಾನಿಕ್ಸ್ ಹಿಡಿದದ್ದು ಆ ಸಂಜೆ.

ಫೆರಾಂಟಿಯ ಚಿಪ್ ಕೆಲಸ ಹಾಲಿನ್‌ವುಡ್ ಪಕ್ಕದಲ್ಲೇ. ಯುರೋಪಿನಲ್ಲಿ ಸಿಲಿಕಾನ್ ಡಯೋಡ್ ಮೊದಲು ಮಾಡಿದ್ದು ಇವರು, 1955ರಲ್ಲಿ. ಆದರೆ ಇವರ ನಿಜವಾದ ಆಟ ಯುಎಲ್‌ಎ. ಅದು ಏನು ಅಂತ ಹೇಳುತ್ತೇನೆ. ಮಗ್ಗದಲ್ಲಿ ಹಾಸನ್ನು ಮೊದಲೇ ಹಾಕಿ ಇಟ್ಟಿರುತ್ತೀರಿ. ಗಿರಾಕಿ ಬಂದ ಮೇಲೆ ಅವನು ಕೇಳಿದ ಬಣ್ಣದ ಹೊಕ್ಕನ್ನು ನೇಯುತ್ತೀರಿ. ಇದೂ ಹಾಗೇ. ಚಿಪ್ಪಿನ ಮೇಲೆ ಟ್ರಾನ್ಸಿಸ್ಟರುಗಳೆಲ್ಲ ಮೊದಲೇ ತಯಾರು, ಒಂದಕ್ಕೊಂದು ಸೇರಿಸಿರುವುದಿಲ್ಲ. ಕೊನೆಯ ಲೋಹದ ಪದರ ಮಾತ್ರ ಗಿರಾಕಿಯ ವಿನ್ಯಾಸ. ಹೊಸ ಚಿಪ್ಪಿಗೆ ಆಗುವ ಖರ್ಚು, ಸಮಯ ಎರಡೂ ಎಷ್ಟೋ ಕಡಿಮೆ.

1981ರ ಸಿಂಕ್ಲೇರ್ ಝಡ್‌ಎಕ್ಸ್ 81 ಅನ್ನುವ ಮನೆ ಕಂಪ್ಯೂಟರಿನ ಮುಚ್ಚಳ ತೆಗೆದು ನೋಡಿ. ಒಳಗೆ ನಾಲ್ಕೈದೇ ಚಿಪ್ಪು. ಹಿಂದಿನ ಮಾದರಿಯಲ್ಲಿ 18 ಚಿಪ್ಪು ಮಾಡುತ್ತಿದ್ದ ಕೆಲಸವನ್ನು ಫೆರಾಂಟಿಯ ಒಂದೇ ಯುಎಲ್‌ಎ ಮಾಡಿತು. ಸಾಮಾನ್ಯ ಮನೆಯವರು ಕಂಪ್ಯೂಟರ್ ಕೊಳ್ಳುವ ಬೆಲೆಗೆ ಅದು ಇಳಿದದ್ದು ಹಾಗೆ. ಸ್ಪೆಕ್ಟ್ರಮ್‌ನಲ್ಲೂ ಇವರದೇ. ಬಿಬಿಸಿ ಮೈಕ್ರೊದಲ್ಲೂ ಇವರದೇ, ಅದರ ವಿಡಿಯೊ ಯುಎಲ್‌ಎ ಚೆನ್ನಾಗಿ ಬಿಸಿಯಾಗುತ್ತಿತ್ತು, ಮೇಲೆ ಹೀಟ್‌ಸಿಂಕ್ ಅಂಟಿಸುತ್ತಿದ್ದರು. ಒಂದು ದೇಶದ ಮಕ್ಕಳ ತಲೆಮಾರಿಗೇ ಪ್ರೋಗ್ರಾಮಿಂಗ್ ಕಲಿಸಿದ ಪೆಟ್ಟಿಗೆಗಳು ಇವು.

ಈ ಚಿಪ್ ವಿಭಾಗವನ್ನೂ 1988ರಲ್ಲಿ ಪ್ಲೆಸ್ಸಿ ಅನ್ನುವ ಇನ್ನೊಂದು ಬ್ರಿಟಿಷ್ ಕಂಪನಿಗೆ ಮಾರಿದರು. ಹಾಗಾಗಿ ನಾನು ಪ್ರೋಗ್ರಾಮರ್ ಅಮ್ಮನ ಕಡೆ.

ಜಾಗ್ವಾರ್_ಬೆಂಚ್:

ನಾನು ಬೆಂಗಳೂರಿನಲ್ಲಿ ವಿಮಾನದ ಉಪಕರಣಗಳ ಬೆಂಚಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಚ್‌ಎಎಲ್‌ನಲ್ಲಿ ಜಾಗ್ವಾರ್ ಜೋಡಣೆಯಾಗುತ್ತಿದ್ದ ಕಾಲ.

ಆ ವಿಮಾನದ ಮೂಗು ನೋಡಿದ್ದೀರಾ? ಚೂಪಾಗಿಲ್ಲ. ಉಳಿಯ ಬಾಯಿಯ ಹಾಗೆ ಎರಡು ಕಡೆ ಇಳಿಜಾರು, ಅಲ್ಲಿ ಗಾಜು. ಅದರ ಹಿಂದೆ ಕೂತಿರುವುದು ಫೆರಾಂಟಿಯ ಲೇಸರ್ ರೇಂಜರ್, ಎಡಿನ್‌ಬರೋದವರ ಕೆಲಸ. ಲೇಸರ್ ಮಿಂಚನ್ನು ನೆಲಕ್ಕೆ ಕಳಿಸಿ, ಅದು ವಾಪಸ್ ಬರುವ ಹೊತ್ತಿನಿಂದ ದೂರ ಅಳೆಯುತ್ತದೆ. ನೆಲದ ಮೇಲಿನ ಸೈನಿಕರು ಇನ್ನೊಂದು ಲೇಸರಿನಿಂದ ಗುರಿಯ ಮೇಲೆ ಬೆಳಕು ಬಿಟ್ಟರೆ ಅದನ್ನೂ ಹುಡುಕಿ ಹಿಡಿಯುತ್ತದೆ. ಗೋವಾದಲ್ಲಿದ್ದ ನಮ್ಮ ನೌಕಾಪಡೆಯ ಸೀ ಹ್ಯಾರಿಯರ್‌ಗಳಿಗೆ ಮೊದಲು ಬಂದ ಬ್ಲೂ ಫಾಕ್ಸ್ ರೇಡಾರೂ ಫೆರಾಂಟಿಯದೇ.

ಆ ಗಾಜಿಗೆ ಬೆರಳು ತಾಗಿಸಲು ನಮಗೆ ಬಿಡುತ್ತಿರಲಿಲ್ಲ. ಮೃದು ಬಟ್ಟೆ, ಒಂದೇ ದಿಕ್ಕಿನಲ್ಲಿ ಒರೆಸಬೇಕು. ಹೊಸದರಲ್ಲಿ ನಾನು ಸುತ್ತಾಗಿ ಒರೆಸಿ ಬೈಸಿಕೊಂಡಿದ್ದೆ. ಮೇಷ್ಟ್ರು ಬರೆದ ಉಳಿಯ ಕಥೆ ಓದಿದಾಗ ಆ ಮೂಗು ನೆನಪಾಯಿತು, ಅದಕ್ಕೇ ಇಷ್ಟು ಬರೆದೆ.

ಒಂದು ಕಹಿ ವಿಷಯವನ್ನೂ ಹೇಳಬೇಕು. ಬ್ಲಡ್‌ಹೌಂಡ್ ಅನ್ನುವ ಕ್ಷಿಪಣಿಯ ಗುತ್ತಿಗೆಯಲ್ಲಿ ಫೆರಾಂಟಿ ವಿಪರೀತ ಲಾಭ ಮಾಡಿತ್ತು. ಸಂಸತ್ತಿನವರೆಗೂ ಗಲಾಟೆ ಹೋಯಿತು. ವಿಚಾರಣೆಯಾಗಿ 1964ರಲ್ಲಿ 42.5 ಲಕ್ಷ ಪೌಂಡ್ ಸರ್ಕಾರಕ್ಕೆ ವಾಪಸ್ ಕೊಟ್ಟರು. ಆಗ ಅಧ್ಯಕ್ಷರು ವಿನ್ಸೆಂಟ್ ಮಗ, ಅಜ್ಜನ ಹೆಸರೇ ಇಟ್ಟುಕೊಂಡ ಸೆಬಾಸ್ಟಿಯನ್. ವಾಪಸ್ ಕೊಟ್ಟದ್ದು ಸರಿ. ಅಷ್ಟು ತೆಗೆದುಕೊಂಡದ್ದು ಸರಿಯಲ್ಲ.

ಲೆಕ್ಕಪತ್ರ:

ಈಗ ನನ್ನ ಪಾಲು. ಉದ್ದವಾಗುತ್ತದೆ, ತಾಳ್ಮೆ ಇರಲಿ.

1974ರಲ್ಲಿ ಮತ್ತೆ ಕುತ್ತಿಗೆಗೆ ಬಂತು. ಟ್ರಾನ್ಸ್‌ಫಾರ್ಮರ್ ವಿಭಾಗ ನಷ್ಟ ತಿನ್ನುತ್ತಿತ್ತು, ಬ್ಯಾಂಕು ಸಾಲದ ಮಿತಿ ಏರಿಸಲು ಒಪ್ಪಲಿಲ್ಲ. ಬ್ರಿಟಿಷ್ ಸರ್ಕಾರ ಹಣ ಹಾಕಿ ದೊಡ್ಡ ಪಾಲು ತೆಗೆದುಕೊಂಡಿತು. ಅದನ್ನು ನ್ಯಾಷನಲ್ ಎಂಟರ್‌ಪ್ರೈಸ್ ಬೋರ್ಡ್ ಅನ್ನುವ ಸರ್ಕಾರಿ ಸಂಸ್ಥೆ ನೋಡಿಕೊಂಡಿತು. 1975ರಲ್ಲಿ ಡೆರೆಕ್ ಅಲುನ್-ಜೋನ್ಸ್ ಅನ್ನುವವರನ್ನು ಮ್ಯಾನೇಜಿಂಗ್ ಡೈರೆಕ್ಟರ್ ಮಾಡಿದರು. ಅವರು ಕಂಪನಿಯನ್ನು ಎತ್ತಿ ನಿಲ್ಲಿಸಿದರು, ಅದನ್ನು ಮೊದಲು ಹೇಳಿಬಿಡುತ್ತೇನೆ. 1978ರಲ್ಲಿ ಷೇರು ಮಾರುಕಟ್ಟೆಗೆ ಬಂತು, 1980ರಲ್ಲಿ ಸರ್ಕಾರ ತನ್ನ ಪಾಲು ಮಾರಿ ಹೊರಬಂತು. ನಂಬಿ ಹಾಕಿದ ಸರ್ಕಾರಿ ದುಡ್ಡು ಮುಳುಗಲಿಲ್ಲ.

1980ರ ದಶಕದಲ್ಲಿ ಬ್ರಿಟನ್ನಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಜಿಇಸಿ ಅನ್ನುವ ಕಂಪನಿಯೇ ದೊಡ್ಡ ಮೀನು. ಎಲ್ಲರಿಗೂ ಅದರ ಬಾಯಿಗೆ ಬೀಳುವ ಭಯ. ಫೆರಾಂಟಿಗೆ ತಾನೂ ದೊಡ್ಡದಾಗಬೇಕು, ಅಮೆರಿಕದ ರಕ್ಷಣಾ ಮಾರುಕಟ್ಟೆಗೆ ಕಾಲಿಡಬೇಕು ಅನ್ನಿಸಿತು. ಆಗ ಕಣ್ಣಿಗೆ ಬಿದ್ದದ್ದು ಐಎಸ್‌ಸಿ. ಇಂಟರ್‌ನ್ಯಾಷನಲ್ ಸಿಗ್ನಲ್ ಆಂಡ್ ಕಂಟ್ರೋಲ್. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನದು. ಜೇಮ್ಸ್ ಗೆರಿನ್ ಅನ್ನುವವನು 1971ರಲ್ಲಿ ಕಟ್ಟಿದ್ದು. ಷೇರುಗಳು 1982ರಿಂದ ಲಂಡನ್ ಮಾರುಕಟ್ಟೆಯಲ್ಲಿದ್ದವು. ಲಾಭ ವರ್ಷ ವರ್ಷ ಏರುತ್ತಿತ್ತು, ಕಾಗದದ ಮೇಲೆ.

1987ರಲ್ಲಿ ಸುಮಾರು 42 ಕೋಟಿ ಪೌಂಡಿನ ವ್ಯವಹಾರದಲ್ಲಿ ಎರಡೂ ಸೇರಿದವು. ಹೆಸರೂ ಫೆರಾಂಟಿ ಇಂಟರ್‌ನ್ಯಾಷನಲ್ ಸಿಗ್ನಲ್ ಆಯಿತು.

ಐಎಸ್‌ಸಿಯ ದೊಡ್ಡ ಲಾಭ ಎಲ್ಲಿಂದ? ಹೊರದೇಶಗಳ ಆಯುಧ ಗುತ್ತಿಗೆಗಳಿಂದ. ಅವು ರಹಸ್ಯ. ಯಾರು ಕೊಳ್ಳುತ್ತಾರೆ, ಎಷ್ಟು ಮಾಲು ಹೋಗಿದೆ, ಕಡತ ತೆರೆದು ನೋಡುವ ಹಾಗಿಲ್ಲ. ಪಾಕಿಸ್ತಾನಕ್ಕೆ ಕ್ಷಿಪಣಿ ಕೊಡುವ ಒಂದು ಭಾರಿ ಗುತ್ತಿಗೆ ಅಂತ ತೋರಿಸಿದ್ದರು. ಅಂಥ ಗುತ್ತಿಗೆಯೇ ಇರಲಿಲ್ಲ. ತಮ್ಮದೇ ಹಣವನ್ನು ಬೇನಾಮಿ ಕಂಪನಿಗಳ ಮೂಲಕ ಸುತ್ತಿಸಿ, ಗಿರಾಕಿ ಕೊಟ್ಟ ಹಣ ಅಂತ ವಾಪಸ್ ಲೆಕ್ಕಕ್ಕೆ ಸೇರಿಸುತ್ತಿದ್ದರು. ಬ್ಯಾಂಕ್ ಪುಸ್ತಕದಲ್ಲಿ ಜಮಾ ಕಾಣುತ್ತದೆ. ಜಮಾ ಕಂಡ ಮೇಲೆ ಅನುಮಾನ ಯಾರಿಗೆ ಬರುತ್ತದೆ ಹೇಳಿ?

1989ರ ಸೆಪ್ಟೆಂಬರಿನಲ್ಲಿ ಷೇರು ವ್ಯವಹಾರ ನಿಲ್ಲಿಸಬೇಕಾಯಿತು. ಲೆಕ್ಕದಲ್ಲಿ 21.5 ಕೋಟಿ ಪೌಂಡಿನ ಗುಂಡಿ. ಗೆರಿನ್ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, 1992ರಲ್ಲಿ 15 ವರ್ಷದ ಜೈಲು ಶಿಕ್ಷೆಯಾಯಿತು. ಆದರೆ ಅದರಿಂದ ಓಲ್ಡಮ್, ಎಡಿನ್‌ಬರೋದವರಿಗೆ ಏನು ಬಂತು? 1990ರಲ್ಲಿ ರೇಡಾರ್ ಮತ್ತು ರಕ್ಷಣಾ ವಿಭಾಗವನ್ನು ಸುಮಾರು 31 ಕೋಟಿ ಪೌಂಡಿಗೆ ಮಾರಬೇಕಾಯಿತು. ಯಾರಿಗೆ? ಯಾರ ಬಾಯಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಮಾಡಿದರೋ ಆ ಜಿಇಸಿಗೇ. ಉಳಿದದ್ದು ನಾಲ್ಕು ವರ್ಷ ಏದುಸಿರು ಬಿಟ್ಟಿತು. ಕೊನೆಗೆ ಜಿಇಸಿ ಷೇರಿಗೆ ಒಂದು ಪೆನ್ನಿಯಂತೆ ಕೊಳ್ಳುತ್ತೇನೆ ಅಂತ ಬಂದು, ಅದನ್ನೂ ಹಿಂದಕ್ಕೆ ತೆಗೆದುಕೊಂಡಿತು. 1993ರ ಡಿಸೆಂಬರಿನಲ್ಲಿ ರಿಸೀವರ್ ಬಂದರು.

ಎಂಜಿನಿಯರಿಂಗ್ ಸೋತದ್ದು ಎಲ್ಲೂ ಇಲ್ಲ. ಮೇಷ್ಟ್ರು ಹೇಳಿದರಲ್ಲ, 1,800 ಜೋಡಣೆ, ಒಂದೊಂದನ್ನೂ ಕೈಯಲ್ಲಿ ಒತ್ತಿ ನೋಡಿದವರು. ಅದೇ ಮನೆಯವರು 42 ಕೋಟಿಯ ಒಂದು ಜೋಡಣೆಯನ್ನು ಒತ್ತಿ ನೋಡದೆ ಸೇರಿಸಿಕೊಂಡರು. ನನಗೆ ರಾತ್ರಿ ನಿದ್ದೆಗೆಡಿಸುವ ಕಥೆ ಇದು. ನನ್ನ ಕಸುಬಿನವರು ಸಹಿ ಹಾಕಿದ ಕಾಗದಗಳ ಮೇಲೆ ನಡೆದದ್ದು.

ರಾತ್ರಿಪಾಳಿ:

ಸರ್, ಒಂದು ಸಂಶಯ. ಗುತ್ತಿಗೆ ರಹಸ್ಯ, ಸರಿ. ಮಾಲು ರಹಸ್ಯ ಆಗಲು ಸಾಧ್ಯವಾ? ಕ್ಷಿಪಣಿ ಮಾಡಿದ್ದರೆ ಕಾರ್ಖಾನೆ ಬೇಕು, ತಗಡು ಬೇಕು, ಲಾರಿ ಬೇಕು. ಯಾರೂ ಹೋಗಿ ಲಾರಿ ಎಣಿಸಲಿಲ್ಲವಾ?

ಲೆಕ್ಕಪತ್ರ:

ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ಆಡಿಟ್ ಕಲಿಯುವ ಹುಡುಗರಿಗೆ ನಾನು ಇದನ್ನೇ ಹೇಳುವುದು. ಕಾಗದಕ್ಕೆ ಕಾಗದ ತಾಳೆ ನೋಡಬೇಡಿ, ಗೋದಾಮಿಗೆ ಹೋಗಿ. ಐಎಸ್‌ಸಿಗೆ ನಿಜವಾದ ವ್ಯಾಪಾರವೂ ಇತ್ತು, ನಿಜವಾದ ಕಟ್ಟಡ, ನಿಜವಾದ ನೌಕರರು ಇದ್ದರು. ಸುಳ್ಳು ನಿಜದ ನಡುವೆ ಕೂತಿತ್ತು. ಜೊತೆಗೆ ಕೊಳ್ಳುವ ಆತುರ. ಆತುರದಲ್ಲಿರುವವನಿಗೆ 'ರಹಸ್ಯ' ಅನ್ನುವ ಮಾತು ಅಡ್ಡಿ ಅನ್ನಿಸುವುದಿಲ್ಲ, ಗೌರವ ಅನ್ನಿಸುತ್ತದೆ.

ಹಳೇ_ಪ್ರೋಗ್ರಾಮರ್:

ನಾನು ಅರ್ಧ ಒಪ್ಪಿದೆ. ಅರ್ಧ ಯಾಕೆ ಅಂದರೆ, ಚಿಪ್ ವಿಭಾಗ ಮಾರಿದ್ದು 1988. ಐಎಸ್‌ಸಿ ಸೇರಿದ ಮರುವರ್ಷ. ನಿಜವಾದದ್ದನ್ನು ಮಾರಿ ಇಲ್ಲದ್ದನ್ನು ಇಟ್ಟುಕೊಂಡರು.

ಮ್ಯಾಂಚೆಸ್ಟರ್_ಮಲೆನಾಡು:

ಉಳಿದದ್ದು ಏನು ಅಂತ ಬರೆದುಬಿಡುತ್ತೇನೆ, ಪೂರ್ತಿ ಮುಗಿದಿಲ್ಲ.

ಎಡಿನ್‌ಬರೋದ ಕ್ರೂ ಟೋಲ್ ಈಗಲೂ ನಡೆಯುತ್ತಿದೆ. ಜಿಇಸಿ, ಬಿಎಇ, ಸೆಲೆಕ್ಸ್ ಅಂತ ಕೈ ಬದಲಾಗಿ ಈಗ ಇಟಲಿಯ ಲಿಯೊನಾರ್ಡೊ ಕೈಯಲ್ಲಿದೆ. ಯೂರೊಫೈಟರ್ ಟೈಫೂನ್‌ನ ರೇಡಾರ್ ಕೆಲಸ ಅಲ್ಲಿಯದೇ. ಓಲ್ಡಮ್‌ನಲ್ಲಿ ಟ್ರಾನ್ಸಿಸ್ಟರ್ ಭಾಗ ಝೆಟೆಕ್ಸ್ ಅನ್ನುವ ಹೆಸರಿನಲ್ಲಿ ಬದುಕಿತು. 2008ರಲ್ಲಿ ಅಮೆರಿಕದ ಡಯೋಡ್ಸ್ ಕಂಪನಿ ಅದನ್ನು ಕೊಂಡಿತು. ಝಡ್‌ಟಿಎಕ್ಸ್ ಅಂತ ಶುರುವಾಗುವ ಟ್ರಾನ್ಸಿಸ್ಟರ್ ನಂಬರುಗಳು ಫೆರಾಂಟಿ ಕಾಲದವು.

ಜಿಇಸಿ ಕಥೆಯೂ ಸುಖವಾಗಿ ಮುಗಿಯಲಿಲ್ಲ. ರಕ್ಷಣಾ ವಿಭಾಗ ಮಾರಿ, 1999ರಲ್ಲಿ ಮಾರ್ಕೋನಿ ಅಂತ ಹೆಸರು ಬದಲಿಸಿ, ಟೆಲಿಕಾಂ ಕಂಪನಿಗಳನ್ನು ದುಬಾರಿಗೆ ಕೊಂಡು, 2001ರಲ್ಲಿ ಕುಸಿಯಿತು. ಅದಕ್ಕೆ ಬೇರೆ ಚರ್ಚೆಯೇ ಬೇಕು.

ನಮ್ಮ ಊರಿನ ವಿಜ್ಞಾನ ಮ್ಯೂಸಿಯಂನಲ್ಲಿ ಫೆರಾಂಟಿಯ ಹಳೆಯ ದಾಖಲೆಗಳಿವೆ. ಬೇಬಿ ಕಂಪ್ಯೂಟರಿನ ನಕಲನ್ನೂ ಇಟ್ಟಿದ್ದಾರೆ. ಮೇಷ್ಟ್ರು ಈ ಕಡೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ.

ಪವರ್_ಮೇಷ್ಟ್ರು:

ಎಲ್ಲರಿಗೂ ಮನಸಾರೆ ಧನ್ಯವಾದ. ನಾನು ಕೇಳಿದ್ದು ಒಂದು ಉತ್ತರ, ನೀವು ಕೊಟ್ಟದ್ದು ಒಂದು ಇಡೀ ಕಾಲ. ಸೋಮವಾರ ಆ ತರಗತಿ ಇದೆ. ಫೇಸರ್ ಚಿತ್ರಕ್ಕೆ ಮೊದಲು ಕಂದು ಕಾಗದ, ಮೇಣ, ಎರಡು ಕೊಳವೆ ತೆಗೆದುಕೊಂಡು ಹೋಗುತ್ತೇನೆ. ಕೇಬಲ್ಲೇ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ವಸ್ತು, ಅಂತ ಮಕ್ಕಳೇ ಕಂಡುಕೊಳ್ಳಲಿ. ಕೆಪಾಸಿಟರ್ ಕಂಡರೆ ವೋಲ್ಟೇಜ್ ಏಕೆ ಏರುತ್ತದೆ ಅಂತ ಹೇಳುವುದು ಸುಲಭ.

ಎಸ್‌ಪಿ_ರೋಡ್_ಅಣ್ಣ:

ಮೇಷ್ಟ್ರೇ, ನನ್ನ ಡಬ್ಬಿಯಲ್ಲಿ ಎರಡು ಝಡ್‌ಎನ್ 414 ಇನ್ನೂ ಇವೆ, ಫೆರಾಂಟಿ ಮುದ್ರೆ ಇರುವವು. ಅಂಗಡಿಯಲ್ಲಿ ಈಗ ಸಿಗುವುದು ಟಿಎ 7642 ಅನ್ನುವ ತದ್ರೂಪು ಮಾತ್ರ. ಒಂದನ್ನು ಆ ಹಿಂದಿನ ಬೆಂಚಿನ ಹುಡುಗಿಗೆ ಕಳಿಸುತ್ತೇನೆ. ಕಾಲೇಜಿನ ವಿಳಾಸ ಖಾಸಗಿ ಸಂದೇಶದಲ್ಲಿ ಹಾಕಿ. ಫೆರೈಟ್ ರಾಡು, ಕಂಡೆನ್ಸರ್ ಇದೆಯಾ?

ಪವರ್_ಮೇಷ್ಟ್ರು:

ರಾಡು ಲ್ಯಾಬಿನಲ್ಲಿ ಇದೆ. ಕಂಡೆನ್ಸರ್ ಅಪ್ಪನ ಹಳೇ ರೇಡಿಯೊದಿಂದ ತೆಗೆಯಬಹುದು. ಕ್ರಿಸ್ಟಲ್ ಇಯರ್‌ಫೋನ್ ಮಾತ್ರ ಎಲ್ಲೂ ಕಾಣುತ್ತಿಲ್ಲ.

ಎಸ್‌ಪಿ_ರೋಡ್_ಅಣ್ಣ:

ಅದನ್ನೂ ಹಾಕುತ್ತೇನೆ. ಹತ್ತಿ ಸುತ್ತಿ ಬೆಂಕಿಪೊಟ್ಟಣದಲ್ಲೇ ಕಳಿಸುತ್ತೇನೆ.